ಬೆಳಕಿನೊಳಗೆ ಗಡಿಯಾರ ಕಂಡ ಮ್ಯಾಕ್ಸ್‌ವೆಲ್

ಎಂಜಿನಿಯರಿಂಗ್ ಓದುವ ನಮಗೆಲ್ಲ ಮ್ಯಾಕ್ಸ್‌ವೆಲ್ ಎಂದರೆ ನಾಲ್ಕು ಸಮೀಕರಣಗಳು. ಕರ್ಲ್, ಡೈವರ್ಜೆನ್ಸ್ ಎಂದು ಬಾಯಿಪಾಠ ಮಾಡಿ, ಇಂಟರ್ನಲ್ಸ್‌ನಲ್ಲಿ ಬರೆದು, ವೈವಾದಲ್ಲಿ ಒಪ್ಪಿಸಿ, ಸೆಮಿಸ್ಟರ್ ಮುಗಿಯುತ್ತಿದ್ದಂತೆ ಮರೆತುಬಿಡುವ ಹೆಸರು. ಅಸಲಿಗೆ ಆ ನಾಲ್ಕನ್ನು ಈಗಿನ ರೂಪದಲ್ಲಿ ಬರೆದವರು ಅವರಲ್ಲ. ಮ್ಯಾಕ್ಸ್‌ವೆಲ್ ಬರೆದದ್ದು ಇಪ್ಪತ್ತು ಸಮೀಕರಣ. ಅವರು ತೀರಿಕೊಂಡ ಕೆಲವು ವರ್ಷಗಳ ಮೇಲೆ ಅವನ್ನು ನಾಲ್ಕಕ್ಕೆ ಇಳಿಸಿದವರು ಆಲಿವರ್ ಹೆವಿಸೈಡ್, ಕಾಲೇಜಿನ ಮೆಟ್ಟಿಲು ಹತ್ತದ ಒಬ್ಬ ಮಾಜಿ ಟೆಲಿಗ್ರಾಫ್ ನೌಕರ. ಆ ಕತೆ ಇನ್ನೊಮ್ಮೆ. ನಾನು ಹೇಳಹೊರಟಿರುವುದು ಸಮೀಕರಣಗಳ ಹಿಂದೆ ಮರೆಯಾದ ಇನ್ನೊಬ್ಬ ಮ್ಯಾಕ್ಸ್‌ವೆಲ್ ಬಗ್ಗೆ. ಒಂದು ಸೆಕೆಂಡ್ ಎಂದರೆ ಎಷ್ಟು ಎಂಬ ಪ್ರಶ್ನೆಗೆ ಭೂಮಿಯನ್ನು ಪಕ್ಕಕ್ಕಿಟ್ಟು ಬೆಳಕಿನತ್ತ ಕೈ ತೋರಿದವರು ಅವರು. ಅವರು ಹೇಳಿ ಒಂದೂವರೆ ಶತಮಾನವಾಗಿದೆ. ಜಗತ್ತಿನ ಪ್ರಯೋಗಾಲಯಗಳು ಈಗ ಅದೇ ಜಾಗಕ್ಕೆ ಬಂದು ನಿಂತಿವೆ.

ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಹುಟ್ಟಿದ್ದು 1831ರ ಜೂನ್ 13ರಂದು, ಸ್ಕಾಟ್ಲೆಂಡಿನ ಎಡಿನ್‌ಬರೊದಲ್ಲಿ. ಮೊದಲ ಮಗಳನ್ನು ಹಸುಗೂಸಾಗಿದ್ದಾಗಲೇ ಕಳೆದುಕೊಂಡಿದ್ದ ತಂದೆ ತಾಯಿಗೆ ತಡವಾಗಿ ಹುಟ್ಟಿದ ಮಗ. ಬೆಳೆದದ್ದು ಗ್ಲೆನ್‌ಲೇರ್ ಎಂಬ ಹಳ್ಳಿಯ ಮನೆಯಲ್ಲಿ, ತೋಟ, ಹೊಲ, ಹಳ್ಳದ ನೀರಿನ ನಡುವೆ. ಮಾತು ಬಂದಾಗಿನಿಂದ ಹುಡುಗನದು ಒಂದೇ ಕಾಟ. ಬಾಗಿಲ ಬೀಗ ಹೇಗೆ ಹಾಕಿಕೊಳ್ಳುತ್ತದೆ, ಕರೆಗಂಟೆಯ ತಂತಿ ಗೋಡೆಯೊಳಗೆ ಎಲ್ಲಿಗೆ ಹೋಗುತ್ತದೆ, ಹಳ್ಳದ ನೀರು ಎಲ್ಲಿಂದ ಬರುತ್ತದೆ? ಉತ್ತರ ಕೊಟ್ಟರೆ ಸಾಲದು, ಒಳಗಿನ ಹೂರಣ ಬಿಚ್ಚಿ ತೋರಿಸಬೇಕು. ತಾಯಿಯೇ ಮನೆಯಲ್ಲಿ ಪಾಠ ಹೇಳುತ್ತಿದ್ದರು. 1839ರಲ್ಲಿ ಹೊಟ್ಟೆಯ ಕ್ಯಾನ್ಸರ್‌ನಿಂದ ಅವರು ತೀರಿಕೊಂಡಾಗ ಹುಡುಗನಿಗೆ ಎಂಟು ವರ್ಷ.

ಆಮೇಲೆ ಪಾಠಕ್ಕೆಂದು ಬಂದ ಹದಿಹರೆಯದ ಮೇಷ್ಟ್ರು, ಹುಡುಗ ದಡ್ಡ ಎಂದು ತೀರ್ಮಾನಿಸಿ ಹೊಡೆಯತೊಡಗಿದ. ತಾಯಿಯ ಸೋದರಿಗೆ ವಿಷಯ ಗೊತ್ತಾಗಿ, ಹತ್ತು ವರ್ಷದವನನ್ನು ಎಡಿನ್‌ಬರೊ ಅಕಾಡೆಮಿಗೆ ಸೇರಿಸಲಾಯಿತು. ಸೋದರತ್ತೆಯ ಮನೆಯಲ್ಲಿ ವಾಸ. ಮೊದಲ ದಿನವೇ ಅಪ್ಪ ತಾನೇ ಯೋಚಿಸಿ ಮಾಡಿಸಿದ್ದ ಅಂಗಿ, ಚೌಕಮೂತಿಯ ಬೂಟು ತೊಟ್ಟು ಹೋದ. ಪೇಟೆಯ ಹುಡುಗರು ಬಿಟ್ಟಾರೆಯೇ? ಸಂಜೆ ಹರಿದ ಬಟ್ಟೆಯಲ್ಲಿ ಮನೆಗೆ ಬಂದ. ಹಳ್ಳಿ ಉಚ್ಚಾರಣೆ, ನಾಚಿಕೆ, ತೊದಲು ಎಲ್ಲ ಸೇರಿ ಡ್ಯಾಫ್ಟಿ ಎಂಬ ಅಡ್ಡಹೆಸರು ಅಂಟಿಕೊಂಡಿತು. ನಮ್ಮ ಮಾತಿನಲ್ಲಿ ಹೇಳುವುದಾದರೆ ಪೆದ್ದ.

ಆ ಪೆದ್ದ 14ನೇ ವಯಸ್ಸಿಗೆ ಗುಂಡುಸೂಜಿ, ದಾರ, ಪೆನ್ಸಿಲ್ ಇಟ್ಟುಕೊಂಡು ಮೊಟ್ಟೆಯಾಕಾರದ ರೇಖೆಗಳನ್ನು ಎಳೆಯುವ ಹೊಸ ವಿಧಾನ ಕಂಡುಹಿಡಿದ. ಎರಡು ಸೂಜಿ ಚುಚ್ಚಿ ದಾರ ಸುತ್ತಿ ದೀರ್ಘವೃತ್ತ ಎಳೆಯುವುದು ನಾವೂ ಡ್ರಾಯಿಂಗ್ ತರಗತಿಯಲ್ಲಿ ಮಾಡಿದ್ದೇವೆ. ಅವನು ಅದನ್ನೇ ಮುಂದಕ್ಕೆ ಒಯ್ದಿದ್ದ. 1846ರಲ್ಲಿ ಎಡಿನ್‌ಬರೊದ ರಾಯಲ್ ಸೊಸೈಟಿಯಲ್ಲಿ ಆ ಪ್ರಬಂಧ ಓದಲಾಯಿತು. ಸಭೆಗೆ ಹುಡುಗ ತೀರಾ ಚಿಕ್ಕವನೆಂದು ಓದಿದವರು ಪ್ರೊಫೆಸರ್ ಜೇಮ್ಸ್ ಫೋರ್ಬ್ಸ್. ಮುಂದೆ ಎಡಿನ್‌ಬರೊ ವಿಶ್ವವಿದ್ಯಾಲಯ, ಆಮೇಲೆ ಕೇಂಬ್ರಿಜ್. 1854ರ ಗಣಿತ ಪರೀಕ್ಷೆಯಲ್ಲಿ ಎರಡನೇ ರ್‍ಯಾಂಕ್. ಮೊದಲನೆಯವರು ಎಡ್ವರ್ಡ್ ರೌತ್. ಎಂಜಿನಿಯರಿಂಗ್‌ನವರು ಕಂಟ್ರೋಲ್ ಸಿಸ್ಟಮ್ಸ್‌ನಲ್ಲಿ ಬಿಡಿಸುವ ರೌತ್ ಅರೇ ಇವರದೇ. ಅವರಿಬ್ಬರ ನಂಟು ಮುಂದೆಯೂ ಬರುತ್ತದೆ.

ಕೆಲಸ ಹುಡುಕುತ್ತಿರುವವರು ಮುಂದಿನ ಭಾಗವನ್ನು ಸ್ವಲ್ಪ ನಿಧಾನವಾಗಿ ಓದಬೇಕು. ತಂದೆಗೆ ಆರೋಗ್ಯ ಸರಿಯಿಲ್ಲವೆಂದು, ಬೇಸಿಗೆಯ ದೀರ್ಘ ರಜೆಯಲ್ಲಿ ಊರಲ್ಲಿರಬಹುದೆಂಬ ಆಸೆಯಿಂದ, ಮ್ಯಾಕ್ಸ್‌ವೆಲ್ ಅಬರ್ಡೀನ್‌ನ ಮರಿಶಲ್ ಕಾಲೇಜಿಗೆ ಅರ್ಜಿ ಹಾಕಿದರು. ನೇಮಕದ ಸುದ್ದಿ ಬರುವ ಮೊದಲೇ, 1856ರ ಏಪ್ರಿಲ್‌ನಲ್ಲಿ, ತಂದೆ ಹೊರಟುಹೋದರು. 25 ತುಂಬುವ ಮೊದಲೇ ಪ್ರೊಫೆಸರ್ ಪಟ್ಟ. ಅಲ್ಲಿ ಶನಿಗ್ರಹದ ಬಳೆಗಳನ್ನು ಕುರಿತು ಕೂತು ಲೆಕ್ಕ ಹಾಕಿ, ಬಳೆ ಒಂದೇ ಗಟ್ಟಿ ತಟ್ಟೆಯಾಗಿರಲು ಸಾಧ್ಯವಿಲ್ಲ, ದ್ರವವೂ ಆಗಿರದು, ಅಸಂಖ್ಯ ಬಿಡಿ ತುಣುಕುಗಳೇ ಸುತ್ತುತ್ತಿರಬೇಕು ಎಂದು ಸಾಧಿಸಿ ಆ್ಯಡಮ್ಸ್ ಬಹುಮಾನ ಗೆದ್ದರು. 1858ರಲ್ಲಿ ಕಾಲೇಜಿನ ಪ್ರಾಂಶುಪಾಲರ ಮಗಳು ಕ್ಯಾಥರೀನ್ ಡೀವರ್ ಜತೆ ಮದುವೆ.

1860ರಲ್ಲಿ ಅಬರ್ಡೀನ್‌ನ ಎರಡು ಕಾಲೇಜುಗಳನ್ನು ಸರ್ಕಾರ ಒಂದಾಗಿಸಿತು. ಇಬ್ಬರು ಭೌತಶಾಸ್ತ್ರದ ಪ್ರೊಫೆಸರ್‌ಗಳು ಬೇಕಿಲ್ಲ ಎಂದಾಯಿತು. ಹಿರಿಯರು ಉಳಿದರು, 29ರ ಮ್ಯಾಕ್ಸ್‌ವೆಲ್ ಮನೆಗೆ. ಮಾವ ಪ್ರಾಂಶುಪಾಲರಾಗಿದ್ದದ್ದು ಏನೂ ಉಪಯೋಗಕ್ಕೆ ಬರಲಿಲ್ಲ. ಅದೇ ಹೊತ್ತಿಗೆ ಎಡಿನ್‌ಬರೊದಲ್ಲಿ ಫೋರ್ಬ್ಸ್ ಅವರ ಜಾಗ ಖಾಲಿಯಾಯಿತು. ಅರ್ಜಿ ಹಾಕಿದರು. ಹುದ್ದೆ ಸಿಕ್ಕಿದ್ದು ಶಾಲೆಯ ದಿನಗಳ ಗೆಳೆಯ ಪೀಟರ್ ಟೇಟ್‌ಗೆ. ಸಾಮಾನ್ಯ ವಿದ್ಯಾರ್ಥಿಗೆ ಅರ್ಥವಾಗುವಂತೆ ಪಾಠ ಮಾಡುವವರು ಟೇಟ್ ಎಂಬುದು ಎಲ್ಲರ ಅಭಿಪ್ರಾಯವಾಗಿತ್ತು. ನ್ಯೂಟನ್ ನಂತರದ ದೊಡ್ಡ ಭೌತವಿಜ್ಞಾನಿ ಸಂದರ್ಶನದಲ್ಲಿ ಸೋತದ್ದು ಪಾಠ ಮಾಡುವ ಶೈಲಿಯಿಂದ! ಅದೇ ವರ್ಷ ಸಿಡುಬು ಬಂದು ಸಾವಿನ ಬಾಗಿಲು ತಟ್ಟಿ ಬಂದರು, ಕ್ಯಾಥರೀನ್ ಹಗಲು ರಾತ್ರಿ ಕೂತು ಆರೈಕೆ ಮಾಡಿದರು. ಟೇಟ್ ಜತೆಗಿನ ಸ್ನೇಹ ಮಾತ್ರ ಕೊನೆತನಕ ಕೆಡಲಿಲ್ಲ. ಕೊನೆಗೆ ಲಂಡನ್ನಿನ ಕಿಂಗ್ಸ್ ಕಾಲೇಜು ಕೈಹಿಡಿಯಿತು.

ಲಂಡನ್ನಿನ ಐದು ವರ್ಷಗಳಲ್ಲಿ ಅವರು ಮಾಡಿದ್ದನ್ನು ಪಟ್ಟಿ ಮಾಡುತ್ತಾ ಹೋದರೆ ಈ ಪುಟ ಸಾಲದು. ಕೆಂಪು, ಹಸಿರು, ನೀಲಿ ಗಾಜಿನ ಮೂಲಕ ತೆಗೆದ ಮೂರು ಚಿತ್ರಗಳನ್ನು ಒಂದರ ಮೇಲೊಂದು ಬೀಳಿಸಿ 1861ರಲ್ಲಿ ತೋರಿಸಿದ ಬಣ್ಣದ ಛಾಯಾಚಿತ್ರ ಅದರಲ್ಲೊಂದು. ನಮ್ಮ ಮೊಬೈಲ್ ಪರದೆ ಇವತ್ತಿಗೂ ಅದೇ ಮೂರು ಬಣ್ಣಗಳಲ್ಲಿ ಬದುಕಿದೆ. 1861ರ ಬೇಸಿಗೆಯಲ್ಲಿ ಗ್ಲೆನ್‌ಲೇರ್‌ನಲ್ಲಿ ಕೂತು ವಿದ್ಯುತ್ತು, ಕಾಂತತ್ವಗಳ ಅಲೆ ಎಷ್ಟು ವೇಗದಲ್ಲಿ ಸಾಗಬೇಕೆಂದು ಲೆಕ್ಕಕ್ಕೆ ತೊಡಗಿದರು. ಜರ್ಮನಿಯ ವೇಬರ್ ಮತ್ತು ಕೊಲ್‌ರೌಶ್ ಅಳೆದಿದ್ದ ಅಂಕಿ ಬೇಕಿತ್ತು, ಅದು ಲಂಡನ್ನಿನಲ್ಲಿತ್ತು. ರಜೆ ಮುಗಿಯುವ ತನಕ ಕಾದು, ಹೋಗಿ ನೋಡಿದಾಗ ಬಂದ ಉತ್ತರ ಸೆಕೆಂಡಿಗೆ ಸುಮಾರು 3,10,740 ಕಿಲೊಮೀಟರ್. ಫ್ರಾನ್ಸಿನ ಫಿಜೋ ಅಳೆದಿದ್ದ ಬೆಳಕಿನ ವೇಗ ಸುಮಾರು 3,14,858. ಬೆಳಕು ಅಂದರೆ ವಿದ್ಯುತ್ಕಾಂತೀಯ ಅಲೆಯೇ ಎಂದು ಮನುಷ್ಯನಿಗೆ ಗೊತ್ತಾದದ್ದು ಹೀಗೆ, ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ.

ಆದರೆ ಸಮಯದ ಕತೆಗೆ ಬೇಕಾದದ್ದು ಇದೇ ಹೊತ್ತಿನ ಇನ್ನೊಂದು ಕೆಲಸ. ಅದರ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ.

ನಮ್ಮ ಪೇಟೆಗಳಲ್ಲಿ ಹೂ ಮಾರುವವರು ಈಗಲೂ ಮೊಳದ ಲೆಕ್ಕದಲ್ಲಿ ಕೊಡುತ್ತಾರಲ್ಲ, ಉದ್ದ ಕೈಯವರ ಬಳಿ ಕೊಂಡರೆ ಲಾಭ ಎಂದು ಅಮ್ಮಂದಿರು ಲೆಕ್ಕ ಹಾಕುತ್ತಾರೆ. 1860ರ ಹೊತ್ತಿನಲ್ಲಿ ವಿದ್ಯುತ್ ರೋಧದ ಪರಿಸ್ಥಿತಿ ಥೇಟ್ ಹಾಗೇ ಇತ್ತು. ಒಬ್ಬೊಬ್ಬರು ತಮ್ಮದೇ ತಂತಿಯ ಸುರುಳಿಯನ್ನು ಒಂದು ಎಂದು ಕರೆಯುತ್ತಿದ್ದರು. ಎತ್ತು ಏರಿಗೆಳೆದರೆ ಕೋಣ ನೀರಿಗೆ. 1858ರಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ಹಾಕಿದ ಟೆಲಿಗ್ರಾಫ್ ಕೇಬಲ್ ಕೆಲವೇ ವಾರಗಳಲ್ಲಿ ಸತ್ತುಹೋಗಿ ಅಪಾರ ಹಣ ನೀರುಪಾಲಾಗಿತ್ತು. ಸಾವಿರಾರು ಕಿಲೊಮೀಟರ್ ಕೇಬಲ್‌ನಲ್ಲಿ ಎಲ್ಲಿ ಕೆಟ್ಟಿದೆ ಎಂದು ದಡದಲ್ಲೇ ನಿಂತು ಹೇಳಬೇಕಾದರೆ ರೋಧವನ್ನು ಕರಾರುವಾಕ್ಕಾಗಿ ಅಳೆಯಬೇಕು. ಅಳೆಯಲು ಎಲ್ಲರೂ ಒಪ್ಪುವ ಮಾನ ಬೇಕು. ಬ್ರಿಟಿಷ್ ಅಸೋಸಿಯೇಷನ್ ಅದಕ್ಕೊಂದು ಸಮಿತಿ ಮಾಡಿತು. ಮ್ಯಾಕ್ಸ್‌ವೆಲ್ ಸೇರಿಕೊಂಡರು.

1863ರಲ್ಲಿ ಕಿಂಗ್ಸ್ ಕಾಲೇಜಿನಲ್ಲಿ ಬಾಲ್ಫರ್ ಸ್ಟೂವರ್ಟ್, ಫ್ಲೀಮಿಂಗ್ ಜೆಂಕಿನ್ ಜತೆ ಸೇರಿ ಮಾಡಿದ ಪ್ರಯೋಗ ಕೇಳಲು ಸರಳ. ತಾಮ್ರದ ತಂತಿಯ ದೊಡ್ಡ ಸುರುಳಿಯೊಂದನ್ನು ನಿಲ್ಲಿಸಿ ಗರಗರನೆ ತಿರುಗಿಸುವುದು. ಭೂಮಿಯ ಕಾಂತಕ್ಷೇತ್ರವನ್ನು ಕತ್ತರಿಸುತ್ತಾ ತಿರುಗುವ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ನಡುವೆ ತೂಗುಬಿಟ್ಟ ಪುಟ್ಟ ಅಯಸ್ಕಾಂತ ಆ ವಿದ್ಯುತ್ತಿನಿಂದ ಒಂದಿಷ್ಟು ವಾಲುತ್ತದೆ. ವಾಲಿದ ಕೋನ, ಸುರುಳಿಯ ಅಳತೆ, ತಿರುಗಿದ ವೇಗ ಗೊತ್ತಿದ್ದರೆ ತಂತಿಯ ರೋಧ ಬರುತ್ತದೆ. ಭೂಮಿಯ ಕಾಂತಕ್ಷೇತ್ರ ಎಷ್ಟಿದೆಯೆಂದು ಗೊತ್ತಿರಬೇಕಾಗಿಲ್ಲ, ಅದು ಲೆಕ್ಕದಲ್ಲಿ ಎರಡೂ ಕಡೆ ಬಂದು ಹೊಡೆದುಹೋಗುತ್ತದೆ. ಈ ಚಾಣಾಕ್ಷತನ ನನಗೆ ಯಾವ ಸಮೀಕರಣಕ್ಕಿಂತಲೂ ಹೆಚ್ಚು ಇಷ್ಟ.

ಗಮನಿಸಿ: ಇಲ್ಲಿ ಅಳೆದದ್ದು ಉದ್ದ ಮತ್ತು ಕಾಲ ಎರಡನ್ನೇ. ಆ ಪದ್ಧತಿಯಲ್ಲಿ ರೋಧವೆಂಬುದು ಮೀಟರ್ ಮತ್ತು ಸೆಕೆಂಡುಗಳಲ್ಲೇ ಬರುತ್ತದೆ. ಅಂದರೆ ಓಮ್‌ನ ಅಡಿಪಾಯದಲ್ಲಿ ಕೂತಿರುವುದು ಸೆಕೆಂಡ್. ಸೆಕೆಂಡ್ ಅಲ್ಲಾಡಿದರೆ ಮೇಲಿನದೆಲ್ಲ ಅಲ್ಲಾಡುತ್ತದೆ. ಸುರುಳಿ ಒಂದೇ ವೇಗದಲ್ಲಿ ತಿರುಗಲೆಂದು ಜೆಂಕಿನ್ ಒಂದು ಗವರ್ನರ್ ಜೋಡಿಸಿದ್ದರು. ವೇಗ ಹೆಚ್ಚಾದರೆ ತಾನೇ ತಡೆಯುವ, ಕಡಿಮೆಯಾದರೆ ತಾನೇ ಬಿಡುವ ಸಾಧನ. ಇಂಥ ಸಾಧನ ಯಾವಾಗ ಸ್ಥಿರವಾಗಿರುತ್ತದೆ, ಯಾವಾಗ ಹುಚ್ಚೆದ್ದು ಓಲಾಡುತ್ತದೆ ಎಂದು ಮ್ಯಾಕ್ಸ್‌ವೆಲ್ 1868ರಲ್ಲಿ ಒಂದು ಪ್ರಬಂಧ ಬರೆದರು. ಕಂಟ್ರೋಲ್ ಸಿಸ್ಟಮ್ಸ್ ಎಂಬ ವಿಷಯದ ಬೇರು ಅಲ್ಲಿದೆ. ಅವರು ಪೂರ್ತಿ ಬಿಡಿಸಲಾಗದೆ ಬಿಟ್ಟ ಗಣಿತವನ್ನು ಕೆಲವು ವರ್ಷಗಳ ನಂತರ ಬಿಡಿಸಿದವರು ಕೇಂಬ್ರಿಜ್‌ನಲ್ಲಿ ಮೊದಲ ರ್‍ಯಾಂಕ್ ಪಡೆದಿದ್ದ ಅದೇ ರೌತ್.

1865ರಲ್ಲಿ ಕಿಂಗ್ಸ್ ಕಾಲೇಜಿನ ಹುದ್ದೆ ಬಿಟ್ಟು ಮ್ಯಾಕ್ಸ್‌ವೆಲ್ ಊರಿಗೆ ಮರಳಿದರು. ಗ್ಲೆನ್‌ಲೇರ್‌ನಲ್ಲಿ ಜಮೀನು ನೋಡಿಕೊಳ್ಳುತ್ತಾ, ಕುದುರೆ ಸವಾರಿ ಮಾಡುತ್ತಾ, ವಿದ್ಯುತ್ತು ಮತ್ತು ಕಾಂತತ್ವದ ಮಹಾಗ್ರಂಥ ಬರೆಯುತ್ತಾ ಕೂತರು. ಆ ದಿನಗಳಲ್ಲಿ ಅವರ ತಲೆಯಲ್ಲಿ ಇನ್ನೊಂದು ಹುಳ ಕೊರೆಯುತ್ತಿತ್ತು. ಆಗ ಸೆಕೆಂಡ್ ಎಂದರೆ ದಿನದ 86,400ನೇ ಒಂದು ಭಾಗ. ಮೀಟರ್ ಕೂಡ ಮೂಲದಲ್ಲಿ ಭೂಮಿಯದೇ. ಧ್ರುವದಿಂದ ಸಮಭಾಜಕಕ್ಕಿರುವ ದೂರದ ಕೋಟಿಯಲ್ಲಿ ಒಂದು ಪಾಲು. ಎರಡಕ್ಕೂ ಜಾಮೀನು ನಿಂತದ್ದು ಈ ಭೂಮಿ. ಭೂಮಿ ನಂಬಿಕಸ್ಥ ಜಾಮೀನುದಾರನೇ? ಸಮುದ್ರದ ಉಬ್ಬರ ಇಳಿತ ಉಜ್ಜಿ ಉಜ್ಜಿ ಅದರ ತಿರುಗಾಟವನ್ನು ನಿಧಾನಗೊಳಿಸುತ್ತಿರಬೇಕು ಎಂದು ಖಗೋಳಜ್ಞರು 1860ರ ದಶಕದಲ್ಲೇ ಹೇಳತೊಡಗಿದ್ದರು. ತಣ್ಣಗಾದರೆ ಭೂಮಿ ಕುಗ್ಗಲೂಬಹುದು.

ಇನ್ನೊಂದು ಕಡೆ, ಬುನ್ಸೆನ್ ಮತ್ತು ಕಿರ್ಕಾಫ್ ಅವರ ಕೆಲಸದಿಂದ ಬೆಳಕಿನ ಗೆರೆಗಳ ಗುಟ್ಟು ಬಯಲಾಗಿತ್ತು. ಒಲೆಯ ಉರಿಗೆ ಒಂದು ಚಿಟಿಕೆ ಉಪ್ಪು ಹಾಕಿದರೆ ಹಳದಿ ಜ್ವಾಲೆ ಬರುತ್ತದೆ. ಅದು ಸೋಡಿಯಂನ ಸಹಿ. ಸೂರ್ಯನ ಬೆಳಕಿನಲ್ಲೂ ಅದೇ ಜಾಗದಲ್ಲಿ ಅದೇ ಗೆರೆ, ಯಾವುದೋ ದೂರದ ನಕ್ಷತ್ರದಲ್ಲೂ ಅದೇ. ಕೋಟ್ಯಂತರ ಮೈಲಿ ದೂರದ ಸೋಡಿಯಂಗೂ ಅಡುಗೆಮನೆಯ ಉಪ್ಪಿನ ಸೋಡಿಯಂಗೂ ಕೂದಲೆಳೆಯ ವ್ಯತ್ಯಾಸವಿಲ್ಲ. ಮನುಷ್ಯ ಮಾಡಿದ ಎರಡು ಅಳತೆಗೋಲು ಒಂದೇ ಥರ ಇರುವುದಿಲ್ಲ, ಎರಡು ಲೋಲಕ ಒಂದೇ ಥರ ಆಡುವುದಿಲ್ಲ. ಅಣುಗಳು ಮಾತ್ರ ಸವೆಯುವುದಿಲ್ಲ, ಮುಪ್ಪಾಗುವುದಿಲ್ಲ. ಮ್ಯಾಕ್ಸ್‌ವೆಲ್ ದೈವಭಕ್ತರು, ಅಣುಗಳ ಈ ಏಕರೂಪದಲ್ಲಿ ಅವರು ಸೃಷ್ಟಿಕರ್ತನ ಮುದ್ರೆ ಕಂಡರು. ಅದನ್ನು ಒಪ್ಪುವುದು ಬಿಡುವುದು ಓದುವವರಿಗೆ ಬಿಟ್ಟದ್ದು, ಆದರೆ ಅದರಿಂದ ಅವರು ತೆಗೆದ ತೀರ್ಮಾನ ಪಕ್ಕಾ ಎಂಜಿನಿಯರ್‌ನದು.

1870ರಲ್ಲಿ ಲಿವರ್‌ಪೂಲ್‌ನಲ್ಲಿ ಬ್ರಿಟಿಷ್ ಅಸೋಸಿಯೇಷನ್ನಿನ ಗಣಿತ ಮತ್ತು ಭೌತ ವಿಭಾಗದ ಅಧ್ಯಕ್ಷರಾಗಿ ಮಾತಾಡುತ್ತಾ ಅವರು ಅದನ್ನು ಬಿಚ್ಚಿಟ್ಟರು. ಎಂದೂ ಬದಲಾಗದ ಉದ್ದ, ಕಾಲ, ತೂಕದ ಮಾನ ಬೇಕಿದ್ದರೆ ಭೂಮಿಯ ಗಾತ್ರ, ಭೂಮಿಯ ತಿರುಗಾಟ, ಭೂಮಿಯ ತೂಕವನ್ನು ನೆಚ್ಚಬೇಡಿ. ಅಣು ಹೊಮ್ಮಿಸುವ ಬೆಳಕಿನ ಅಲೆಯ ಉದ್ದ, ಆ ಅಲೆಯ ಕಂಪನಕ್ಕೆ ಹಿಡಿಯುವ ಹೊತ್ತು, ಅಣುವಿನ ತೂಕ ಇವುಗಳಲ್ಲಿ ಹುಡುಕಿ ಎಂಬುದು ಅದರ ಸಾರ. 1873ರಲ್ಲಿ ಬಂದ ಮಹಾಗ್ರಂಥದ ಮೊದಲ ಪುಟಗಳಲ್ಲೇ ಮತ್ತೆ ಅದೇ ಮಾತು. ಸೋಡಿಯಂನಂಥ ಎಲ್ಲೆಡೆ ಸಿಗುವ ವಸ್ತುವಿನ ಬೆಳಕಿನ ತರಂಗಾಂತರವನ್ನು ಉದ್ದದ ಮಾನವಾಗಿ, ಅದೇ ಬೆಳಕಿನ ಒಂದು ಕಂಪನದ ಅವಧಿಯನ್ನು ಕಾಲದ ಮಾನವಾಗಿ ಇಟ್ಟುಕೊಳ್ಳಬಹುದು ಎಂದರು. ತಮ್ಮ ಬರಹ ಭೂಮಿಗಿಂತ ಹೆಚ್ಚು ಕಾಲ ಬಾಳುತ್ತದೆಂದು ನಂಬಿದ ಲೇಖಕರಿಗೆ ಇಂಥ ಮಾನ ಒಳ್ಳೆಯದು ಎಂದು ಅಲ್ಲೊಂದು ತಮಾಷೆಯನ್ನೂ ಸೇರಿಸಿದರು.

ಆದರೆ ಕಂಪನವನ್ನು ಎಣಿಸುವವರು ಯಾರು? ಸೋಡಿಯಂನ ಹಳದಿ ಬೆಳಕು ಸೆಕೆಂಡಿಗೆ ಸುಮಾರು 509 ಲಕ್ಷ ಕೋಟಿ ಸಲ ಕಂಪಿಸುತ್ತದೆ. ಆಗಿನ ಕಾಲದಲ್ಲಿ ಅದನ್ನು ಎಣಿಸುವ ಸಾಧನ ಇರಲಿ, ಬೆಳಕು ವಿದ್ಯುತ್ಕಾಂತೀಯ ಅಲೆ ಎಂಬುದನ್ನೇ ಹೆಚ್ಚಿನವರು ಒಪ್ಪಿರಲಿಲ್ಲ.

1871ರಲ್ಲಿ ಕೇಂಬ್ರಿಜ್ ಹೊಸದಾಗಿ ಕಟ್ಟಲಿದ್ದ ಕ್ಯಾವೆಂಡಿಶ್ ಪ್ರಯೋಗಾಲಯಕ್ಕೆ ಅವರನ್ನು ಕರೆಯಿತು. ಇಲ್ಲೂ ಮೊದಲ ಆಯ್ಕೆ ಅವರಲ್ಲ. ವಿಲಿಯಂ ಥಾಮ್ಸನ್, ಆಮೇಲೆ ಹೆಲ್ಮ್‌ಹೋಲ್ಟ್ಸ್ ಬರುವುದಿಲ್ಲವೆಂದ ಮೇಲೆ ಮೂರನೆಯವರಾಗಿ ಮ್ಯಾಕ್ಸ್‌ವೆಲ್. 1874ರಲ್ಲಿ ಬಾಗಿಲು ತೆರೆದ ಆ ಪ್ರಯೋಗಾಲಯದಲ್ಲಿ ಓಮ್‌ನ ಅಳತೆಯ ಕೆಲಸವೂ ಮುಂದುವರಿಯಿತು. ಅವರ ನಂತರ ಬಂದ ಲಾರ್ಡ್ ರ್‍ಯಾಲೆ ಹಳೆಯ ತಿರುಗುವ ಸುರುಳಿಯ ಪ್ರಯೋಗವನ್ನು ಮತ್ತೆ ಮಾಡಿ, ಮೊದಲ ಓಮ್ ಶೇಕಡ 1.3ರಷ್ಟು ಕಡಿಮೆ ಬಂದಿತ್ತೆಂದು ತೋರಿಸಿದರು. ಅಳತೆಯ ಲೋಕದಲ್ಲಿ ಯಾರ ಮಾತೂ ಕೊನೆಯದಲ್ಲ, ಮ್ಯಾಕ್ಸ್‌ವೆಲ್‌ರದೂ.

1879ರ ಮಾರ್ಚ್‌ನಲ್ಲಿ ಅಮೆರಿಕದ ಖಗೋಳಜ್ಞ ಡೇವಿಡ್ ಟಾಡ್‌ಗೆ ಅವರು ಒಂದು ಪತ್ರ ಬರೆದರು. ಗುರುಗ್ರಹದ ಚಂದ್ರರ ಗ್ರಹಣಗಳನ್ನು ಗಮನಿಸಿ, ಸೌರಮಂಡಲ ಈಥರ್‌ನಲ್ಲಿ ಎಷ್ಟು ವೇಗವಾಗಿ ಸಾಗುತ್ತಿದೆಯೆಂದು ಬೆಳಕಿನಿಂದ ಕಂಡುಹಿಡಿಯಲಾದೀತೇ ಎಂಬ ವಿಚಾರಣೆ. ಆ ಹೊತ್ತಿಗೆ ಕಾಯಿಲೆ ಒಳಗೊಳಗೇ ಬೆಳೆಯುತ್ತಿತ್ತು. ತಾಯಿಯನ್ನು ಕೊಂಡೊಯ್ದ ಅದೇ ಕ್ಯಾನ್ಸರ್, ಹೆಚ್ಚುಕಡಿಮೆ ಅದೇ ವಯಸ್ಸಿನಲ್ಲಿ. ನವೆಂಬರ್ 5ರಂದು ಕೇಂಬ್ರಿಜ್‌ನಲ್ಲಿ ತೀರಿಕೊಂಡಾಗ ಅವರಿಗೆ 48. ಊರಿನ ಬಳಿಯ ಪಾರ್ಟನ್ ಚರ್ಚಿನ ಅಂಗಳದಲ್ಲಿ ಮಣ್ಣು ಮಾಡಿದರು. ವಿದ್ಯುತ್ಕಾಂತೀಯ ಅಲೆಗಳನ್ನು ಹರ್ಟ್ಸ್ ಪ್ರಯೋಗದಲ್ಲಿ ಹುಟ್ಟಿಸಿ ತೋರಿಸಲು ಇನ್ನೂ ಎಂಟು ವರ್ಷ ಬಾಕಿಯಿತ್ತು.

ಟಾಡ್‌ಗೆ ಬರೆದ ಪತ್ರ ಮರುವರ್ಷ ಅಚ್ಚಾಯಿತು. ಓದಿದವರಲ್ಲಿ ಆಲ್ಬರ್ಟ್ ಮೈಕೆಲ್ಸನ್ ಎಂಬ ತರುಣ ನೌಕಾಧಿಕಾರಿ ಒಬ್ಬರು. ಆ ಪತ್ರದ ಬೆನ್ನು ಹತ್ತಿ ಅವರು ಕಟ್ಟಿದ ಉಪಕರಣ, ಮೋರ್ಲಿ ಜತೆ 1887ರಲ್ಲಿ ಮಾಡಿದ ಪ್ರಯೋಗ, ಈಥರ್‌ನ ಸುಳಿವೇ ಸಿಗದೆ ಹೋದದ್ದು, ಕೊನೆಗೆ ಐನ್‌ಸ್ಟೈನ್, ಇದೆಲ್ಲ ಪಿಯುಸಿಯಲ್ಲೇ ಕೇಳಿದ್ದೇವೆ. ಕೇಳದೆ ಇರುವುದು ಇನ್ನೊಂದಿದೆ. ಅದೇ ಮೈಕೆಲ್ಸನ್ 1892-93ರಲ್ಲಿ ಪ್ಯಾರಿಸ್ ಬಳಿಯ ಸೆವ್ರ್‌ಗೆ ಹೋಗಿ, ಅಲ್ಲಿಟ್ಟಿದ್ದ ಮೀಟರ್ ದಂಡವನ್ನು ಕ್ಯಾಡ್ಮಿಯಂನ ಕೆಂಪು ಬೆಳಕಿನ ಅಲೆಗಳಲ್ಲಿ ಅಳೆದರು. ಮ್ಯಾಕ್ಸ್‌ವೆಲ್ ಹೇಳಿದ್ದ ಉದ್ದದ ಮಾನಕ್ಕೆ ಅದು ಮೊದಲ ಹೆಜ್ಜೆ. 1960ರಲ್ಲಿ ಮೀಟರ್ ಅಧಿಕೃತವಾಗಿ ಕ್ರಿಪ್ಟಾನ್ ಬೆಳಕಿನ 16,50,763.73 ತರಂಗಾಂತರವಾಯಿತು.

ಸೆಕೆಂಡ್ ಅಷ್ಟು ಬೇಗ ಬಗ್ಗಲಿಲ್ಲ. ಸ್ಫಟಿಕ ಗಡಿಯಾರಗಳು ಬಂದಾಗ ಭೂಮಿಯ ತಿರುಗಾಟ ಏರುಪೇರಾಗುವುದು ಕಣ್ಣಿಗೆ ಬಿತ್ತು. ನಿಮ್ಮ ಕೈಗಡಿಯಾರದೊಳಗಿನ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಎರಡರ ಹದಿನೈದನೇ ಘಾತ, ಹದಿನೈದು ಸಲ ಅರ್ಧ ಮಾಡಿದರೆ ಸರಿಯಾಗಿ ಒಂದು. 1955ರಲ್ಲಿ ಇಂಗ್ಲೆಂಡಿನ ಟೆಡ್ಡಿಂಗ್ಟನ್‌ನಲ್ಲಿ ಲೂಯಿಸ್ ಎಸೆನ್ ಮತ್ತು ಜ್ಯಾಕ್ ಪ್ಯಾರಿ ಮೊದಲ ಸೀಸಿಯಂ ಗಡಿಯಾರ ಓಡಿಸಿದರು. 1967ರಲ್ಲಿ ತೂಕ ಮತ್ತು ಅಳತೆಗಳ ಮಹಾಸಮ್ಮೇಳನ ಭೂಮಿಯನ್ನು ಜಾಮೀನಿನಿಂದ ಬಿಡುಗಡೆ ಮಾಡಿತು. ಸೀಸಿಯಂ ಪರಮಾಣುವಿನ ನಿರ್ದಿಷ್ಟ ಕಂಪನ 919 ಕೋಟಿ 26 ಲಕ್ಷ 31 ಸಾವಿರದ 770 ಸಲ ಆದರೆ ಅದು ಒಂದು ಸೆಕೆಂಡ್. 1983ರಲ್ಲಿ ಮೀಟರನ್ನೂ ಸೆಕೆಂಡಿಗೇ ಕಟ್ಟಿಹಾಕಿದರು: ಬೆಳಕು ಸೆಕೆಂಡಿನ 29,97,92,458ನೇ ಒಂದು ಭಾಗದಲ್ಲಿ ಸಾಗುವ ದೂರ. 2019ರಲ್ಲಿ ಕಿಲೊಗ್ರಾಂ ಕೂಡ ಸೆವ್ರ್‌ನ ಲೋಹದ ತುಂಡನ್ನು ಬಿಟ್ಟು ಪ್ಲಾಂಕ್ ಸ್ಥಿರಾಂಕಕ್ಕೆ ಬಂತು, ಅದರ ಲೆಕ್ಕದಲ್ಲೂ ಸೆಕೆಂಡ್ ಇದೆ. ಓಮ್‌ನ ಅಡಿಯಲ್ಲಿ ಕೂತಿದ್ದ ಸೆಕೆಂಡ್ ಈಗ ಹೆಚ್ಚುಕಡಿಮೆ ಎಲ್ಲದರ ಅಡಿಯಲ್ಲಿದೆ.

ಆದರೂ ಮ್ಯಾಕ್ಸ್‌ವೆಲ್ ಹೇಳಿದ್ದು ಇನ್ನೂ ಪೂರ್ತಿಯಾಗಿಲ್ಲ. ಅವರು ಕೇಳಿದ್ದು ಬೆಳಕನ್ನು. ಸೀಸಿಯಂನದು ಮೈಕ್ರೊವೇವ್, ನಮ್ಮ ವೈಫೈನ ನೆಂಟ. ಬೆಳಕಿನ ಕಂಪನ ಅದಕ್ಕಿಂತ ಹತ್ತಾರು ಸಾವಿರ ಪಟ್ಟು ಚುರುಕು. ಸೆಂಟಿಮೀಟರ್ ಗೆರೆಯಿರುವ ಸ್ಕೇಲಿಗಿಂತ ಮಿಲಿಮೀಟರ್ ಗೆರೆಯಿರುವ ಸ್ಕೇಲ್ ವಾಸಿಯಲ್ಲವೇ, ಹಾಗೆ. ಸ್ಟ್ರಾನ್ಷಿಯಂ ಪರಮಾಣುವಿನ ಒಂದು ಕೆಂಪು ಗೆರೆ ಸೆಕೆಂಡಿಗೆ ಸುಮಾರು 429 ಲಕ್ಷ ಕೋಟಿ ಸಲ ಕಂಪಿಸುತ್ತದೆ. ಅದನ್ನು ಬಳಸಿಕೊಳ್ಳಲು ಮೂರು ಅಡ್ಡಿಗಳಿದ್ದವು. ಪರಮಾಣುಗಳು ನಿಲ್ಲುವುದಿಲ್ಲ, ಲೇಸರ್‌ನಿಂದಲೇ ತಣ್ಣಗಾಗಿಸಿ ನಿಲ್ಲಿಸುವುದನ್ನು ಕಲಿತರು. ಹಿಡಿದಿಟ್ಟರೆ ಹಿಡಿಯುವ ಬೆಳಕೇ ಅವುಗಳ ತಾಳ ಕೆಡಿಸುತ್ತದೆ. ಜಪಾನಿನ ಹಿಡೆತೊಶಿ ಕತೋರಿ, ಮೇಲಿನ ಮತ್ತು ಕೆಳಗಿನ ಎರಡೂ ಮಟ್ಟಗಳನ್ನು ಒಂದೇ ಸಮ ತಳ್ಳುವ ತರಂಗಾಂತರವನ್ನು ಆಯ್ದುಕೊಂಡರೆ ತಾಳ ಕೆಡದು ಎಂದು ತೋರಿಸಿದರು. ಮೊಟ್ಟೆಯ ಟ್ರೇಯಲ್ಲಿ ಮೊಟ್ಟೆ ಕೂತಂತೆ ಸಾವಿರಾರು ಪರಮಾಣುಗಳು ಬೆಳಕಿನ ಗುಳಿಗಳಲ್ಲಿ ಕೂರುತ್ತವೆ.

ಮೂರನೆಯದು ಎಣಿಕೆ. ಯಾವ ಎಲೆಕ್ಟ್ರಾನಿಕ್ ಸರ್ಕ್ಯೂಟೂ ಅಷ್ಟು ವೇಗವಾಗಿ ಎಣಿಸದು. ಬೆಳಕಿನ ಬಾಚಣಿಗೆ ಎನ್ನಬಹುದಾದ ಒಂದು ಲೇಸರ್ ಬಂತು. ಅದರ ಬೆಳಕಿನಲ್ಲಿ ಬಾಚಣಿಗೆಯ ಹಲ್ಲುಗಳಂತೆ ಸಮಾನ ಅಂತರದಲ್ಲಿ ಲಕ್ಷಾಂತರ ಆವರ್ತನಗಳಿರುತ್ತವೆ. ಒಂದು ಹಲ್ಲನ್ನು ಪರಮಾಣುವಿನ ಬೆಳಕಿಗೆ ಹೊಂದಿಸಿದರೆ ಹಲ್ಲುಗಳ ನಡುವಿನ ಅಂತರವನ್ನು ಸಾಮಾನ್ಯ ಎಲೆಕ್ಟ್ರಾನಿಕ್ಸ್ ಎಣಿಸುತ್ತದೆ. ದೊಡ್ಡ ಚಕ್ರ, ಚಿಕ್ಕ ಚಕ್ರಗಳ ಹಲ್ಲು ಕೂಡಿಸಿದ ಗೋಡೆಗಡಿಯಾರದ ಉಪಾಯವೇ ಇದು. ಇದಕ್ಕಾಗಿ ಹಾಲ್ ಮತ್ತು ಹೆನ್ಶ್ 2005ರ ನೊಬೆಲ್ ಹಂಚಿಕೊಂಡರು. ಇಡೀ ಗಡಿಯಾರದ ಹೃದಯದಲ್ಲಿರುವುದು ಫೀಡ್‌ಬ್ಯಾಕ್. ಲೇಸರ್ ಕೊಂಚ ಆಚೀಚೆ ಹೋದರೆ ಪರಮಾಣುಗಳು ಸ್ಪಂದಿಸುವುದು ಕಡಿಮೆಯಾಗುತ್ತದೆ, ತಕ್ಷಣ ಸರ್ಕ್ಯೂಟ್ ಅದನ್ನು ಹಿಂದಕ್ಕೆಳೆಯುತ್ತದೆ. ತಾಮ್ರದ ಸುರುಳಿಗೆ ಜೆಂಕಿನ್ ಜೋಡಿಸಿದ ಗವರ್ನರ್ ಇಲ್ಲಿ ಬೇರೆ ವೇಷದಲ್ಲಿದೆ.

ಈ ಗಡಿಯಾರಗಳು ವಿಶ್ವ ಹುಟ್ಟಿದ ದಿನದಿಂದ, ಅಂದರೆ 1380 ಕೋಟಿ ವರ್ಷ, ಓಡಿದ್ದರೂ ಇಷ್ಟು ಹೊತ್ತಿಗೆ ಒಂದು ಸೆಕೆಂಡ್ ತಪ್ಪುತ್ತಿರಲಿಲ್ಲ. ಆ ನಿಖರತೆ ಹೊಸ ತಲೆನೋವೂ ಹೌದು. ಎತ್ತರ ಹೋದಂತೆ ಕಾಲ ವೇಗವಾಗಿ ಓಡುತ್ತದೆ ಎಂದು ಐನ್‌ಸ್ಟೈನ್ ಹೇಳಿದ್ದರಲ್ಲ, 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಟೋಕಿಯೊ ಸ್ಕೈಟ್ರೀ ಗೋಪುರದ ಬುಡದಲ್ಲೊಂದು, 450 ಮೀಟರ್ ಮೇಲೊಂದು ಗಡಿಯಾರ ಇಟ್ಟಾಗ ಮೇಲಿನದು ದಿನಕ್ಕೆ ಸುಮಾರು 4 ನ್ಯಾನೊಸೆಕೆಂಡ್ ಮುಂದಿತ್ತು. ಅದೇ ಲೆಕ್ಕ ಹಿಡಿದರೆ ಬೆಂಗಳೂರಿನ ಗಡಿಯಾರ ಮಂಗಳೂರಿನದಕ್ಕಿಂತ ದಿನಕ್ಕೆ 8 ನ್ಯಾನೊಸೆಕೆಂಡ್‌ನಷ್ಟು ಮುಂದೆ ಓಡಬೇಕು. ಒಂದು ಸೆಂಟಿಮೀಟರ್ ಎತ್ತರಿಸಿದರೂ ಗೊತ್ತಾಗುವ ಗಡಿಯಾರಗಳಿಗೆ, ಯಾರ ಸೆಕೆಂಡ್ ಸರಿ ಎಂದು ಕೇಳಿದರೆ, ನೆಲದ ಎತ್ತರವನ್ನೂ ಅಷ್ಟೇ ನಿಖರವಾಗಿ ಅಳೆದಿಟ್ಟಿರಬೇಕಾಗುತ್ತದೆ.

ಕಾಲದ ಅಳತೆ ನಮ್ಮ ಹೊಟ್ಟೆಪಾಡಿನಿಂದ ದೂರದ್ದಲ್ಲ. ಉಪಗ್ರಹದ ಗಡಿಯಾರ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಪ್ಪಿದರೆ ಮ್ಯಾಪ್‌ನಲ್ಲಿ ನೀವು 300 ಮೀಟರ್ ಆಚೆ ಇರುತ್ತೀರಿ. 2023ರ ಮೇ ತಿಂಗಳಲ್ಲಿ ಇಸ್ರೊ ಹಾರಿಸಿದ ಎನ್‌ವಿಎಸ್-01 ಉಪಗ್ರಹದಲ್ಲಿ ದೇಶದಲ್ಲೇ ತಯಾರಾದ ರುಬಿಡಿಯಂ ಗಡಿಯಾರ ಇತ್ತು. ಆ ಉಪಗ್ರಹಗಳ ಕಾಲ ನೋಡಿಕೊಳ್ಳುವ ಕೇಂದ್ರ ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿದೆ. ಬೆಳಕಿನ ಗಡಿಯಾರಕ್ಕಾಗಿ ಪುಣೆಯ ಐಯುಕಾದಲ್ಲಿ ಯಟರ್ಬಿಯಂ ಅಯಾನು ಹಿಡಿದು ಕೆಲಸ ನಡೆದಿದೆ. ಎಲೆಕ್ಟ್ರಾನಿಕ್ಸ್, ಆಪ್ಟಿಕ್ಸ್, ಕಂಟ್ರೋಲ್, ನಿರ್ವಾತ ತಂತ್ರ ಎಲ್ಲ ಬಲ್ಲವರು ಬೇಕಾದ ಕ್ಷೇತ್ರ. ಕ್ಯಾಂಪಸ್‌ನಲ್ಲಿ ಕೋಡಿಂಗ್ ಬಿಟ್ಟು ಬೇರೆ ದಾರಿಯೇ ಇಲ್ಲವೆನ್ನುವವರು ಒಮ್ಮೆ ಇಣುಕಬಹುದು.

2022ರ ಮಹಾಸಮ್ಮೇಳನ ಸೆಕೆಂಡಿನ ಹೊಸ ವ್ಯಾಖ್ಯೆಗೆ ತಯಾರಿ ಮಾಡಲು ಹೇಳಿದೆ. 2030ರ ಸಮ್ಮೇಳನದಲ್ಲಿ ತೀರ್ಮಾನಕ್ಕೆ ಬರುವ ಗುರಿ. ಜಗಳ ಇರುವುದು ಯಾವ ಪರಮಾಣು ಎಂಬಲ್ಲಿ. ಸ್ಟ್ರಾನ್ಷಿಯಂ, ಯಟರ್ಬಿಯಂ, ಅಲ್ಯೂಮಿನಿಯಂ ಅಯಾನು, ಹೀಗೆ ಉಮೇದುವಾರರು ಹಲವರು. ಒಂದನ್ನೇ ಆರಿಸೋಣ ಎನ್ನುವವರಿದ್ದಾರೆ, ಹಲವನ್ನು ಸೇರಿಸಿ ಸರಾಸರಿ ತೆಗೆಯೋಣ ಎನ್ನುವವರೂ ಇದ್ದಾರೆ. ಮ್ಯಾಕ್ಸ್‌ವೆಲ್ ಹೆಸರಿಸಿದ್ದ ಸೋಡಿಯಂ ಪಟ್ಟಿಯಲ್ಲಿಲ್ಲ. ಅದರ ಹಳದಿ ಗೆರೆ ಒಂದಲ್ಲ, ಅಕ್ಕಪಕ್ಕದ ಜೋಡಿ. ಮೇಲಾಗಿ ಒಂದೊಂದೂ ಸುಮಾರು ಒಂದು ಕೋಟಿ ಹರ್ಟ್ಸ್ ಅಗಲ. ಸ್ಟ್ರಾನ್ಷಿಯಂ ಗೆರೆಯ ಸಹಜ ಅಗಲ ಒಂದು ಹರ್ಟ್ಸ್‌ನ ಸಾವಿರದ ಒಂದು ಭಾಗದ ಆಸುಪಾಸು. ಸೋಡಿಯಂ ಪರಮಾಣು ಬೆಳಕನ್ನು ಕ್ಷಣಮಾತ್ರದಲ್ಲಿ ಉಗುಳಿ ಸುಮ್ಮನಾಗುತ್ತದೆ. ಸ್ಟ್ರಾನ್ಷಿಯಂ ಅದನ್ನು ನಿಮಿಷಕ್ಕೂ ಹೆಚ್ಚು ಹೊತ್ತು ಒಳಗೇ ಇಟ್ಟುಕೊಂಡು ಕಾಯಬಲ್ಲದು.